ಕಿವಿ ಮೇಸ್ತ್ರಿ ಚೇಂಬರ್ ಇಳಿಸಿದ್ದು

ಇಂಜಿನ್ನಿನ ಸದ್ದು ಕೇಳಿಯೇ ಅದರ ಹೊಟ್ಟೆಯೊಳಗಿನ ರೋಗ ಹೇಳುತ್ತಿದ್ದರಿಂದ ಅವನಿಗೆ ಕಿವಿ ಮೇಸ್ತ್ರಿ ಎಂಬ ಹೆಸರು ಬಿದ್ದು, ಹೆತ್ತವರಿಟ್ಟ ಹೆಸರು ಮೂಲೆ ಸೇರಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದನೆಂದರೆ ಗಿರಾಕಿಗಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಈಚೆಗೆ ಆ ಕಿವಿಯೇ ಕೈಕೊಟ್ಟಿತ್ತು. ಮೇಸ್ತ್ರಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿ, ಅಂದಾಜಿನ ಮೇಲೆ ತಲೆಯಾಡಿಸಿ ದಿನ ದೂಡುತ್ತಿದ್ದ.

ಅಂಥ ಹೊತ್ತಿನಲ್ಲಿ ಮಕ್ಕಳ ಡಾಕ್ಟರಮ್ಮ ತಮ್ಮ ತಾತನ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಎರಡನೇ ಮಹಾಯುದ್ಧಕ್ಕೆ ಮೊದಲು ತಯಾರಾದ ಗಾಡಿ. ಕಳೆದ ವರ್ಷವಷ್ಟೇ ಮೇಸ್ತ್ರಿ ಅದರ ಬೇರಿಂಗುಗಳಿಗೆ ಬಿಳಿ ಲೋಹ ಕರಗಿಸಿ ಹೊಯ್ದು, ಕೆರೆದು ಕೆರೆದು ಹದಕ್ಕೆ ತಂದು ಕೂರಿಸಿದ್ದ. ಯಾವ ಅಂಗಡಿಯಲ್ಲೂ ಸಿಗುವ ಸಾಮಾನಲ್ಲ ಅದು.

"ಕೆಳಗಡೆಯಿಂದ ಏನೋ ಟಕಟಕ ಅಂತಿದೆ ಮೇಸ್ತ್ರಿ. ಕೇಳಿಸ್ತಿದೆಯಲ್ಲ?"

ಮೇಸ್ತ್ರಿ ಸ್ಕ್ರೂಡ್ರೈವರ್ ಕಿವಿಗೊತ್ತಿ ಬಗ್ಗಿದ. ಹತ್ತಿ ತುಂಬಿದ ಹಾಗೆ ಗುಂಯ್ ಎನ್ನುವುದು ಬಿಟ್ಟರೆ ಇನ್ನೇನೂ ಇಲ್ಲ. "ಹೂಂ, ಕೇಳಿಸ್ತಿದೆ. ಬಿಟ್ಟು ಹೋಗಿ, ಬಿಚ್ಚಿ ನೋಡ್ತೀನಿ," ಅಂದ. ಅವರು ಹೋದ ಮೇಲೆ ಸ್ಟೂಲಿನ ಮೇಲೆ ಕುಸಿದು ಕೂತ. ತಾನು ಹೊಯ್ದ ಬೇರಿಂಗೇ ಉದುರಿದ್ದರೆ ಇಂಜಿನ್ನಿನ ಕಥೆ ಮುಗಿದ ಹಾಗೆ. ಜೊತೆಗೆ ತನ್ನದೂ.

ಗೋಡೆಯ ಆಚೆಗಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಗಂಡನ ಮುಖ ನೋಡಿದಳು, ಓಡುತ್ತಲೇ ಇದ್ದ ಇಂಜಿನ್ನನ್ನು ನೋಡಿದಳು. ಡಬ್ಬಿ ಕೆಳಗಿಟ್ಟು ಸ್ಕ್ರೂಡ್ರೈವರ್ ಕಿತ್ತುಕೊಂಡಳು.

"ನಾನು ಕೇಳಿ ಹೇಳ್ತೀನಿ, ತಾಳಿ."

"ನಿಂಗೇನು ಗೊತ್ತಾಗತ್ತೆ?"

"ನಿಮಗೆ ಕೇಳಿಸಲ್ಲ ಅನ್ನೋದು ಗೊತ್ತಾಗಿದೆಯಲ್ಲ, ಇದೂ ಗೊತ್ತಾಗತ್ತೆ. ಮನೇಲಿ ನೀವು ರೇಡಿಯೋ ಹಾಕಿದ್ರೆ ಬೀದಿಗೆಲ್ಲ ವಾರ್ತೆ. ನಾನೇನು ಕಿವುಡೀನಾ?"

ಮೇಸ್ತ್ರಿ ಎದ್ದು ಜಾಗ ಬಿಟ್ಟ. ಅವಳು ಬಗ್ಗಿ, ಅಲ್ಲಲ್ಲಿ ಊರಿ ಕೇಳಿ, ಎದ್ದು ಅವನ ಕಿವಿಯ ಹತ್ತಿರ ಜೋರಾಗಿ ಹೇಳಿದಳು. "ಗಟ್ಟಿ ಕಬ್ಬಿಣದ ಸದ್ದಲ್ಲ ರೀ. ತಗಡಿಗೆ ಏನೋ ತಾಗ್ತಿದೆ. ತಳದಲ್ಲಿ."

ತಳದಲ್ಲಿರುವ ತಗಡು ಅಂದರೆ ಎಣ್ಣೆ ನಿಲ್ಲುವ ಆಯಿಲ್ ಚೇಂಬರ್ ಒಂದೇ. ಮೇಸ್ತ್ರಿಗೆ ತುಸು ಜೀವ ಬಂತು. ಇಂಜಿನ್ ನಿಲ್ಲಿಸಿ, ಎಣ್ಣೆ ಬೆಚ್ಚಗಿರುವಾಗಲೇ ಬಿರಡೆ ಬಿಚ್ಚಿ ಇಳಿಸಿ, ಬೊಗಸೆಯಲ್ಲಿ ಹಿಡಿದು ಬೆರಳಿನಿಂದ ಉಜ್ಜಿ ನೋಡಿದ. ಬೇರಿಂಗ್ ಉದುರಿದ್ದರೆ ಕಾಣಬೇಕಾದ ಮಿನುಗುವ ಪುಡಿ ಇಲ್ಲ. ಮತ್ತೊಂದು ಬೊಗಸೆ ಹಿಡಿದ. ಇಲ್ಲ.

ಗಾಡಿಯನ್ನು ಜಾಕಿಯಿಂದ ಎತ್ತಿ, ಅಡಿಗೆ ದಪ್ಪ ದಿಮ್ಮಿ ಕೊಟ್ಟು, ಅಂಗಾತ ಮಲಗಿ ಒಳಗೆ ಜಾರಿದ. ಸುತ್ತಲಿನ ಬೋಲ್ಟುಗಳೆಲ್ಲ ಬಂದವು, ಚೇಂಬರ್ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಾರ್ಕಿನ ಪ್ಯಾಕಿಂಗ್ ಅಂಟಿಕೊಂಡಿತ್ತು. ತೆಳು ಅಲಗು ತೂರಿಸಿ ಮೆಲ್ಲಗೆ ಬಿಡಿಸಿದ. ಆದರೂ ಅರ್ಧ ಇಳಿದು ಸಿಕ್ಕಿಕೊಂಡಿತು. ಒಳಗೆ ಪಿಸ್ಟನ್ನಿನ ರಾಡಿನ ತಲೆ ಅಡ್ಡ ಬಂದಿತ್ತು.

"ಮುಂದಿರೋ ಸ್ಟಾರ್ಟಿಂಗ್ ಹ್ಯಾಂಡಲ್ ತಿರುಗಿಸು. ನಿಧಾನ."

ಅವಳು ಸೆರಗು ಸಿಕ್ಕಿಸಿ, ಎರಡೂ ಕೈಯಿಂದ ಹ್ಯಾಂಡಲ್ ತಿರುಗಿಸಿದಳು. ರಾಡು ಮೇಲೆ ಸರಿಯಿತು. ಚೇಂಬರ್ ಧೊಪ್ಪನೆ ಅವನ ಎದೆಯ ಮೇಲೆ ಕೂತು, ಉಳಿದಿದ್ದ ಎಣ್ಣೆಯೆಲ್ಲ ಗಡ್ಡಕ್ಕೆ ಅಭಿಷೇಕವಾಯಿತು.

ಬೆಳಕಿಗೆ ಹಿಡಿದರೆ ಹೊರಗಡೆ ಕಲ್ಲು ಬಡಿದ ತಗ್ಗು, ಒಳಗೆ ಅದೇ ಜಾಗ ಉಬ್ಬಿ ಬೆಳ್ಳಗೆ ತರಚಿದ ಗೀರು. ರಾಡಿನ ತುದಿಯಲ್ಲಿ ಎಣ್ಣೆ ಚಿಮ್ಮಿಸಲೆಂದು ಇರುವ ಪುಟ್ಟ ಸೌಟು ಪ್ರತಿ ಸುತ್ತಿಗೂ ಅಲ್ಲಿ ತಾಗುತ್ತಿತ್ತು, ಅಷ್ಟೇ. ಮೇಸ್ತ್ರಿ ಮತ್ತೆ ಒಳಗೆ ಜಾರಿ ಒಂದೊಂದೇ ರಾಡನ್ನು ಹಿಡಿದು ಅಲುಗಿಸಿದ. ಬೇರಿಂಗುಗಳು ಕೂರಿಸಿದ ದಿನದಷ್ಟೇ ಬಿಗಿ. ಹಾಗೇ ಮಲಗಿಕೊಂಡು ನಗತೊಡಗಿದ. ಹೆಂಡತಿ ಗಾಬರಿಯಿಂದ ಬಗ್ಗಿದಳು.

"ಏನಾಯ್ತು ರೀ?"

"ಏನೂ ಆಗಿಲ್ಲ ಕಣೇ. ಏನೂ ಆಗಿಲ್ಲ."

ಮರದ ಸುತ್ತಿಗೆಯಿಂದ ತಗ್ಗನ್ನು ಹದವಾಗಿ ಬಡಿದು ಎಬ್ಬಿಸಿ, ಹೊಸ ಕಾರ್ಕ್ ಕತ್ತರಿಸಿ ಇಟ್ಟು, ಚೇಂಬರ್ ಏರಿಸಿ ಹೊಸ ಎಣ್ಣೆ ತುಂಬಿದ. ಇಂಜಿನ್ ಓಡಿಸಿದಾಗ ಹೆಂಡತಿಯೇ ಮತ್ತೆ ಕೇಳಿ, ಸದ್ದಿಲ್ಲ ಎಂದು ಕೈಯಾಡಿಸಿದಳು.

ಸಂಜೆ ಬಂದ ಡಾಕ್ಟರಮ್ಮ ಕೇಳಿ ನೋಡಿ, "ಅಬ್ಬ, ನೀವೂ ನಿಮ್ಮ ಕಿವಿಯೂ," ಅಂದರು.

"ನಂದಲ್ಲ, ಇವಳದು," ಅಂದುಬಿಟ್ಟ ಮೇಸ್ತ್ರಿ. ಹೇಳಬೇಕೆಂದುಕೊಂಡಿರಲಿಲ್ಲ, ಬಾಯಿಂದ ಜಾರಿತು. "ನನಗೆ ಕೇಳಿಸೋದೇ ನಿಂತುಹೋಗಿದೆ."

ಡಾಕ್ಟರಮ್ಮ ಚೀಲದಿಂದ ಪುಟ್ಟ ಬೆಳಕಿನ ಸಾಧನ ತೆಗೆದು, "ಅಲ್ಲಾಡಬಾರದು," ಎಂದು ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿ ಎರಡೂ ಕಿವಿ ಇಣುಕಿ ನೋಡಿದರು. ಎಡಗಿವಿ ವರ್ಷಗಟ್ಟಲೆ ಸುತ್ತಿಗೆಯ ಸದ್ದಿಗೆ ಸವೆದಿರಬೇಕು, ಪರೀಕ್ಷೆ ಮಾಡಿಸಬೇಕು ಎಂದರು. ಬಲಗಿವಿಯಲ್ಲಿ ಮಾತ್ರ ಗುಗ್ಗೆ ಗಟ್ಟಿಯಾಗಿ ಕೂತಿತ್ತು.

ಕೆಲವು ದಿನ ಹನಿ ಬಿಟ್ಟು ಮೆತ್ತಗಾದ ಮೇಲೆ ಅವರ ಕ್ಲಿನಿಕ್ಕಿನಲ್ಲೇ ನೀರು ಹಾಯಿಸಿ ತೆಗೆದರು. ಮೇಸ್ತ್ರಿ ಹೊರಗೆ ಬಂದಾಗ ಬೆಂಚಿನ ಮೇಲೆ ಯಾವುದೋ ಮಗು ಸೂರು ಹಾರುವಂತೆ ರಚ್ಚೆ ಹಿಡಿದು ಅಳುತ್ತಿತ್ತು. ಉಳಿದವರೆಲ್ಲ ಮುಖ ಕಿವುಚಿಕೊಂಡಿದ್ದರು.

"ನಡೀರಿ, ಹೋಗೋಣ," ಅಂದಳು ಹೆಂಡತಿ, ಮಾಮೂಲಿ ದನಿಯಲ್ಲಿ.

"ಸ್ವಲ್ಪ ಹೊತ್ತು ಇರೋಣ," ಎಂದು ಮೇಸ್ತ್ರಿ ಹೋಗಿ ಆ ಮಗುವಿನ ಪಕ್ಕದಲ್ಲೇ ಕೂತುಕೊಂಡ.