ಬೀರುವಿನ ಹಿಂದಿನ ಗೋಡೆ

ಮನೆ ಪರೀಕ್ಷೆಗೆ ಬರುವವನು ಬೀರು ಸರಿಸುವುದಿಲ್ಲ. ಕಣ್ಣಿಗೆ ಕಂಡಷ್ಟನ್ನೇ ಬರೆಯುವುದು ಅವನ ಕಸುಬಿನ ಕಟ್ಟಳೆ. ಮನೆ ಮಾರುವವರೆಲ್ಲರಿಗೂ ಇದು ಗೊತ್ತು. ಕೊಳ್ಳುವವರಿಗೆ ಗೊತ್ತಿರಬೇಕಿತ್ತು.

ಮಾರುವವಳಾಗಿದ್ದೂ ಟೈಲರಮ್ಮನೊಬ್ಬಳಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ಮೆಟ್ಟಿಲ ಮೇಲಿನ ಆ ಮನೆಯಲ್ಲಿ ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಮಂಡಿ ಸವೆಸಿಕೊಂಡ ಹೆಂಗಸು ಅವಳು. ಇದನ್ನು ಮಾರಿ, ಮೆಟ್ಟಿಲಿಲ್ಲದ ಮನೆಯಲ್ಲಿ ಕಾಲು ಚಾಚಬೇಕು, ಅಷ್ಟೇ ಆಸೆ. ಯಾರು ಹೊಸ ಬಟ್ಟೆ ತೋರಿಸಿದರೂ ಒಳಮೈ ತಿರುಗಿಸಿ ಹೊಲಿಗೆ ನೋಡುವುದು ಅವಳ ಚಾಳಿ. ಮನುಷ್ಯರನ್ನೂ ಹಾಗೇ ನೋಡುತ್ತಿದ್ದಳು.

ಮಾರಾಟಕ್ಕೆ ಓಡಾಡುತ್ತಿದ್ದವನು ಮೈದುನ. "ಅತ್ತಿಗೆ, ಮಾರೋಕೆ ಮುಂಚೆ ನಾವೇ ಪರೀಕ್ಷೆ ಮಾಡಿಸಿಬಿಡೋಣ. ಕಾಗದ ಕೈಯಲ್ಲಿದ್ರೆ ಯಾರೂ ಕೊಂಕು ತೆಗೆಯಲ್ಲ" ಎಂದ. ಬೆಕ್ಕು ಹಾಲಿಗೆ ಕಾವಲು ಕೂತ ಹಾಗಿತ್ತು ಅವನ ಕಾಳಜಿ. ಹೋದ ವಾರವಷ್ಟೇ ಹೇಳದೆ ಕೇಳದೆ ಹಿಂದಿನ ಕೋಣೆಗೆ ಬಣ್ಣ ಹೊಡೆಸಿದ್ದ. ಬೇರೆ ಕೋಣೆಗಳಿಗಿಲ್ಲದ ಭಾಗ್ಯ ಅದೊಂದಕ್ಕೇ ಏಕೆ?

ಪರೀಕ್ಷೆಯವನು ಟಾರ್ಚು, ಸಣ್ಣ ಸುತ್ತಿಗೆ ಹಿಡಿದು ಬಂದ. ಅವಳು ನೆರಳಿನಂತೆ ಹಿಂದೆಯೇ.

"ಏನಮ್ಮ, ಬೆನ್ನಿಗೆ ಅಂಟ್ಕೊಂಡೇ ಬರ್ತೀರಲ್ಲ, ನಿಮ್ಮ ಗೋಡೆ ಕದ್ದೊಯ್ತೀನಾ?"

"ಗೋಡೆ ಕದಿಯೋಕೆ ಆಗಲ್ಲಪ್ಪ, ಅದರ ಗುಟ್ಟು ಕದೀಬಹುದಲ್ಲ."

ತೊಟ್ಟಿಕ್ಕುವ ನಲ್ಲಿ, ಬಚ್ಚಲ ಸಡಿಲ ಟೈಲು, ಗೆದ್ದಲು ತಿಂದ ಕಿಟಕಿ, ಎಲ್ಲವನ್ನೂ ಬರೆದ. ಹಿಂದಿನ ಕೋಣೆಯಲ್ಲಿ ಮೂರು ಗೋಡೆ ತಟ್ಟಿದ. ನಾಲ್ಕನೆಯದಕ್ಕೆ ಕಬ್ಬಿಣದ ಬೀರು ಅಡ್ಡ. ಮೈದುನನ ಮುಖ ನೋಡಿ ಪುಟ ಮಗುಚಿದ.

"ಆ ಗೋಡೆ?"

"ಸಾಮಾನು ಸರಿಸೋದು ನಮ್ಮ ಕೆಲಸ ಅಲ್ಲಮ್ಮ. 'ನೋಡಲಾಗಲಿಲ್ಲ' ಅಂತ ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಇರತ್ತೆ. ಯಾರೂ ಓದಲ್ಲ."

"ಬಿಡಿ ಅತ್ತಿಗೆ, ಸುಮ್ನೆ ಮಲಗಿರೋ ಹಾವನ್ನ ಯಾಕೆ ಕೆಣಕ್ತೀರಾ?" ಮೈದುನ ನಕ್ಕ.

"ಹಾವಿದೆ ಅಂತ ನಿನಗೆ ಹೆಂಗೆ ಗೊತ್ತೋ?"

ಅವನ ನಗು ಅಲ್ಲೇ ನಿಂತಿತು. ಮೊನ್ನೆ ಮನೆ ನೋಡಲು ಬಂದಿದ್ದ ತುಂಬು ಬಸುರಿ ಇದೇ ಕೋಣೆಯಲ್ಲಿ ನಿಂತು, "ತೊಟ್ಟಿಲು ಇಲ್ಲೇ" ಎಂದು ಗಂಡನಿಗೆ ಹೇಳಿದ್ದು ಟೈಲರಮ್ಮನಿಗೆ ನೆನಪಾಯಿತು. ಬೀರುವಿಗೆ ಹೆಗಲು ಕೊಟ್ಟಳು. ಮುದುಕಿ ಏದುಸಿರು ಬಿಡುವುದನ್ನು ನೋಡಲಾರದೆ ಗಂಡಸರಿಬ್ಬರೂ ಕೈ ಹಾಕಿದರು.

ಹಿಂದೆ, ತೊಲೆಯಿಂದ ಇಳಿದ ಬಿರುಕು. ಬೀರುವಿಗಿಂತ ಮೇಲಿನ ಭಾಗಕ್ಕಷ್ಟೇ ಗಾರೆ ಮೆತ್ತಿ ಬಣ್ಣ ಬಳಿದಿತ್ತು. ಅವಳು ಕತ್ತರಿ ತಂದು ಬಿರುಕಿಗೆ ತೂರಿಸಿದಳು. ಹಿಡಿಯವರೆಗೂ ಹೋಯಿತು.

ಪರೀಕ್ಷೆಯವನು ಸುತ್ತಿಗೆ ಇಳಿಸಿದ. "ಇದರ ಕೆಳಗೆ ಯಾರೂ ಮಲಗಬಾರದಮ್ಮ."

"ಇದನ್ನ ಮುಚ್ಚೋಕೇ ಬಣ್ಣ ಹೊಡೆಸಿದ್ಯಾ, ಮನೆಹಾಳ?"

"ಬಣ್ಣ ಹೊಡೆಸಿದ್ದು ನಾನೇ, ಅತ್ತಿಗೆ. ಬೀರು ಇಟ್ಟಿದ್ದು ಯಾರು?"

ಅವಳು ನೆಲ ನೋಡಿದಳು. ಬೀರುವಿನ ನಾಲ್ಕು ಕಾಲುಗಳು ನೆಲದಲ್ಲಿ ಬಿಟ್ಟಿದ್ದ ತುಕ್ಕಿನ ಉಂಗುರಗಳು. ಒಂದು ವಾರದ ತುಕ್ಕಲ್ಲ ಅದು, ಹನ್ನೊಂದು ವರ್ಷದ್ದು. ಆ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ನರ್ಸ್ ಹುಡುಗಿಯೊಬ್ಬಳು ಬರುವ ದಿನ ಬೆಳಿಗ್ಗೆ, ಒಬ್ಬಳೇ ಬೀರು ಎಳೆದು ತಂದು ಅಲ್ಲಿಟ್ಟವಳು ಅವಳೇ. ಆಗ ಅದು ಬೀರುವಿನ ಎತ್ತರವೂ ಇರದ, ಕೂದಲೆಳೆಯಷ್ಟು ಬಿರುಕು. ಆ ಹುಡುಗಿ ಎರಡು ವರ್ಷ ಅದರ ಕೆಳಗೆ ಮಲಗಿ ಎದ್ದಳು, ಹೋಗುವಾಗ ಕಾಲಿಗೆ ನಮಸ್ಕಾರವನ್ನೂ ಮಾಡಿದಳು. ಊರಿನವರ ಹೊಲಿಗೆಯನ್ನೆಲ್ಲ ತಿರುಗಿಸಿ ನೋಡಿದ ಹೆಂಗಸು ತನ್ನದನ್ನು ಮರೆತೇಬಿಟ್ಟಿದ್ದಳು.

"ಬರೀರಿ" ಎಂದಳು. "ಮೊದಲನೇ ಪುಟದಲ್ಲಿ, ದಪ್ಪಕ್ಷರದಲ್ಲಿ."

"ಈ ಮೆಟ್ಟಿಲು ಹತ್ಕೊಂಡೇ ಸಾಯ್ತೀರಾ" ಎಂದ ಮೈದುನ.

"ಹತ್ತಿದ್ರಾಯ್ತು ಬಿಡು."

ಕಾಗದ ಹಿಡಿದು, ಕಂಬಿಗೆ ಜೋತುಬಿದ್ದು, ಇಪ್ಪತ್ತೆರಡೂ ಮೆಟ್ಟಿಲು ಇಳಿದು, ತಾನೇ ಹೋಗಿ ಆ ಬಸುರಿಯ ಕೈಗಿಟ್ಟು ಬಂದಳು. ದಂಪತಿ ಮತ್ತೆ ಬರಲಿಲ್ಲ. ಮನೆ ಇನ್ನೂ ಮಾರಾಟವಾಗಿಲ್ಲ. ಹಿಂದಿನ ಕೋಣೆಗೆ ಬೀಗ ಬಿದ್ದಿದೆ. ಟೈಲರಮ್ಮ ಪ್ರತಿ ಐದನೇ ಮೆಟ್ಟಿಲಿಗೆ ನಿಂತು ಮಂಡಿಯನ್ನು ಬೈಯುತ್ತಾಳೆ.

ನೀವು ಅವಳನ್ನು ಕಂಡು ಅಯ್ಯೋ ಪಾಪ ಎನ್ನಬೇಡಿ. ನಿಮ್ಮ ಮನೆಯ ಬೀರು ಯಾವ ಗೋಡೆಗೆ ಒರಗಿದೆ, ಏಕೆ ಒರಗಿದೆ ಎಂಬುದು ನಿಮಗೆ ಗೊತ್ತು. ಓದುತ್ತಿರುವ ಈ ಪೇಪರ್ ಕೆಳಗಿಡಿ. ಏಳಿ. ಅದನ್ನು ಸರಿಸಿ.