ಪರಮೇಶಪ್ಪ ಆರಿಸಿದ ಲ್ಯಾಪ್‌ಟಾಪ್

ಪರಮೇಶಪ್ಪ ಒಂದು ಕೊಡೆ ಕೊಳ್ಳಬೇಕಾದರೂ ಹತ್ತು ಜನರನ್ನು ವಿಚಾರಿಸುವ ಮನುಷ್ಯ. ಯಾವ ಕಂಪನಿ, ಎಷ್ಟು ವರ್ಷ ಬಾಳಿಕೆ ಬಂತು, ಕಡ್ಡಿ ಮುರಿದರೆ ಎಲ್ಲಿ ಹಾಕಿಕೊಡುತ್ತಾರೆ ಎಂದೆಲ್ಲ ಕೇಳಿ, ಕೊನೆಗೆ ಮಳೆಗಾಲ ಅರ್ಧ ಮುಗಿದ ಮೇಲೆ ಕೊಡೆ ತರುತ್ತಿದ್ದ. ಹೆಂಡತಿ ಶಕುಂತಲಮ್ಮ, 'ನನ್ನ ನೋಡೋಕ್ ಬಂದಾಗ್ಲೂ ಹಿಂಗೇ ಊರೆಲ್ಲ ಕೇಳ್ಕೊಂಡೇ ಬಂದಿದ್ರು' ಎಂದು ನಗುತ್ತಿದ್ದಳು. ಅವನ ಅಪ್ಪ ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ಪರಮೇಶಪ್ಪನಿಗೆ ನೇಗಿಲು ಹಿಡಿಸಲಿಲ್ಲ, ಪೆನ್ನು ಹಿಡಿಸಿತು. ಚೆಟ್ಟಳ್ಳಿಯಿಂದ ಮೇಲೆ, ಮಡಿಕೇರಿ ಕಡೆಗೆ ಏರುವ ಗುಡ್ಡದ ಮೈಯಲ್ಲಿದ್ದ ಒಂದು ಕಾಫಿ ಎಸ್ಟೇಟಿಗೆ ರೈಟರ್ ಆಗಿ ಸೇರಿದವನು ಮೂವತ್ತೊಂದು ವರ್ಷ ಅಲ್ಲೇ ಕಳೆದಿದ್ದ. ಆಳುಗಳ ಹಾಜರಿ ಹಾಕುವುದು, ಗೊಬ್ಬರ ಅಳೆದು ಕೊಡುವುದು, ಇವೆಲ್ಲ ಅವನ ಕೆಲಸ. ಆದರೆ ಅವನಿಗೆ ಹೆಮ್ಮೆ ಇದ್ದದ್ದು ಒಂದೇ ಕೆಲಸದಲ್ಲಿ. ಅದು ಮಳೆ ಬರೆಯುವುದು.

ಕೊಡಗಿನಲ್ಲಿ ಮಳೆ ಜೋರು ಅಂದರೆ ಯಾರೂ ಒಪ್ಪುವುದಿಲ್ಲ, ಎಷ್ಟು ಇಂಚು ಎಂದು ಕೇಳುತ್ತಾರೆ. ಒಂದು ಇಂಚಿಗೆ ನೂರು ಸೆಂಟು. ಆಫೀಸಿನ ಮುಂದಿನ ಬಯಲಿನಲ್ಲಿ ಹೂತಿಟ್ಟ ಮಳೆ ಅಳೆಯುವ ಪಾತ್ರೆಯಿಂದ ಪರಮೇಶಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ಎರಡು ಇಂಚು ನಲವತ್ತು ಸೆಂಟು ಬಂದರೆ '2-40'. ನಡುವೆ ಒಂದು ಸಣ್ಣ ಗೆರೆ. ಅವನಿಗಿಂತ ಹಿಂದಿನ ರೈಟರೂ ಹಾಗೇ ಬರೆದಿದ್ದ, ಸುತ್ತಮುತ್ತಲಿನ ಎಸ್ಟೇಟುಗಳಲ್ಲೂ ಹಾಗೇ ಬರೆಯುತ್ತಿದ್ದರು. ಅಂಚಿನಲ್ಲಿ ಪೆನ್ಸಿಲಿನಿಂದ ಹಿಂದಿನ ಮೂರು ದಿನದ ಮೊತ್ತ ಹಾಕುವುದು ಮಾತ್ರ ಅವನದೇ ರೂಢಿ.

ಆ ಪೆನ್ಸಿಲ್ ಲೆಕ್ಕ ಒಮ್ಮೆ ಜೀವ ಉಳಿಸಿತ್ತು. ಎರಡು ಸಾವಿರದ ಹದಿನೆಂಟರ ಆಗಸ್ಟಿನಲ್ಲಿ ಮೂರು ದಿನದ ಮೊತ್ತ ಹದಿನೇಳು ಇಂಚು ದಾಟಿದ್ದು ಕಂಡು ಅವನು ಗುಡ್ಡದ ಬುಡದ ಲೈನ್‌ಮನೆಗಳಲ್ಲಿದ್ದ ಆಳುಗಳನ್ನೆಲ್ಲ ಮೇಲಿನ ಕಾಫಿ ಗೋಡೌನಿಗೆ ಹತ್ತಿಸಿದ್ದ. ಮಧ್ಯಾಹ್ನ ಗುಡ್ಡದ ಒಂದು ಕೊನೆ ಕಳಚಿ ಎರಡು ಖಾಲಿ ಮನೆ ಮುಚ್ಚಿಹೋದವು. ಅಂದಿನಿಂದ ಒಂದು ಕಟ್ಟಳೆಯಾಯಿತು. ಮೂರು ದಿನಕ್ಕೆ ಹದಿನೈದು ಇಂಚು ದಾಟಿದರೆ ಪರಮೇಶಪ್ಪ ಆಫೀಸಿನ ಮುಂದೆ ನೇತುಹಾಕಿದ ರೈಲು ಕಂಬಿಯ ತುಂಡನ್ನು ಬಿಡದೆ ಬಡಿಯಬೇಕು, ಲೈನಿನ ಹನ್ನೊಂದು ಮನೆಯ ಮೂವತ್ತಮೂರು ಜನ ಕೇಳದೆ ಮಾತಾಡದೆ ಮೇಲೆ ಬರಬೇಕು. ಗುಡ್ಡದಲ್ಲಿ ಬಿಟ್ಟ ಬಿರುಕು ಹಾಗೇ ಉಳಿದಿತ್ತು. ಪ್ರತಿ ವರ್ಷ ಅದರಲ್ಲಿ ಹೊಸ ಜರಿಗಿಡ ಹುಟ್ಟಿ, ನೋಡುವವರಿಗೆ ಬಿರುಕು ಕಾಣದಂತೆ ಮುಚ್ಚಿಬಿಡುತ್ತಿತ್ತು.

ಈ ಲೆಕ್ಕ ಒಬ್ಬ ವಯಸ್ಸಾದವನ ಪೆನ್ಸಿಲಿನ ಮೇಲೆ ನಿಂತಿರುವುದು ಎಸ್ಟೇಟಿನ ಯಜಮಾನ ಸಿದ್ಧಾರ್ಥನಿಗೆ ಸರಿ ಕಾಣಲಿಲ್ಲ. ಅವನು ಮೈಸೂರಿನಲ್ಲಿದ್ದು ತಿಂಗಳಿಗೆರಡು ಸಲ ಬಂದುಹೋಗುವವನು, ಒಳ್ಳೆಯ ಹುಡುಗನೇ. 'ನಿಮಗೆ ಜ್ವರ ಬಂದ್ರೆ ಏನು ಮಾಡೋದು ಪರಮೇಶಪ್ಪ? ಒಂದು ಲ್ಯಾಪ್‌ಟಾಪ್ ತಗೊಳ್ಳಿ. ಯಾವ್ದು ಅಂತ ನೀವೇ ನೋಡಿ, ಉಪಯೋಗಿಸೋರು ನೀವಲ್ವಾ' ಎಂದ. ಪರಮೇಶಪ್ಪನಿಗೆ ಇನ್ನೇನು ಬೇಕು?

ಅವನು ಹುಡುಕಿದ ರೀತಿ ನೋಡಿದರೆ ಹೆಣ್ಣುಮಗಳ ಮದುವೆಗೆ ಗಂಡು ಹುಡುಕಿದಂತಿತ್ತು. ಕುಶಾಲನಗರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಲೋಕೇಶನ ಬೆಂಚಿನ ಮೇಲೆ ಎರಡು ಭಾನುವಾರ ಕೂತ. ಯಾವ ಕಂಪನಿಯವು ಹೆಚ್ಚಾಗಿ ರಿಪೇರಿಗೆ ಬರುತ್ತವೆ ಎಂದು ಕಣ್ಣಾರೆ ನೋಡಬೇಕಿತ್ತು. ಲೋಕೇಶ ಒಂದರ ಹೊಟ್ಟೆ ಬಿಚ್ಚಿ ತೋರಿಸಿದ. ಒಳಗೆ ಮಳೆಗಾಲದ ತೇವಕ್ಕೆ ಬಿಳಿ ಬೂಷ್ಟು ಹಿಡಿದಿತ್ತು. ಇನ್ನೊಂದು ಏಪ್ರಿಲ್ ತಿಂಗಳ ಸಿಡಿಲಿಗೆ ಸುಟ್ಟದ್ದು. 'ಇಲ್ಲಿ ಕಂಪನಿ ಅಲ್ಲಣ್ಣ ಮುಖ್ಯ, ಇಟ್ಕೊಳೋದು ಹೆಂಗೆ ಅನ್ನೋದು' ಎಂದ ಲೋಕೇಶ. ಪರಮೇಶಪ್ಪ ಒಪ್ಪಲಿಲ್ಲ. ಪಂಚಾಯಿತಿ ಆಫೀಸಿನಲ್ಲಿ ಕೇಳಿದ, ಸೊಸೈಟಿಯಲ್ಲಿ ಕೇಳಿದ. ಎಲ್ಲರೂ ತಮ್ಮ ತಮ್ಮ ಕಂಪನಿಯನ್ನೇ ಹೊಗಳಿದರು, ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ಬೈದರು. ಹೆಸರು ಹೇಳಿ ನಾನೇಕೆ ಜಗಳಕ್ಕೆ ಬೀಳಲಿ? ಕೊನೆಗೆ ಬಿಟ್ಟಂಗಾಲದ ಎಸ್ಟೇಟೊಂದರಲ್ಲಿ, ಅಕ್ಷರವೆಲ್ಲ ಅಳಿಸಿಹೋಗುವಷ್ಟು ಕುಟ್ಟಿಸಿಕೊಂಡೂ ಒಂಬತ್ತು ಮಳೆಗಾಲ ಕಳೆದ ಲ್ಯಾಪ್‌ಟಾಪ್ ಒಂದನ್ನು ಕಂಡ. ಅದೇ ಕಂಪನಿ ಎಂದು ತೀರ್ಮಾನವಾಯಿತು. ತಂದದ್ದನ್ನು ಆಫೀಸಿನ ಬೀರುವಿನಲ್ಲಿ, ಬೂಷ್ಟು ಬಾರದಂತೆ ಸಣ್ಣ ಬಲ್ಬು ಉರಿಸಿಟ್ಟ ಅರೆಯಲ್ಲಿ ಮೃದುವಾದ ಬಟ್ಟೆ ಸುತ್ತಿ ಇಟ್ಟ. ಶಕುಂತಲಮ್ಮನ ಮದುವೆ ಸೀರೆಗೂ ಆ ಮರ್ಯಾದೆ ಸಿಕ್ಕಿರಲಿಲ್ಲ.

ಸಿದ್ಧಾರ್ಥ ಬಂದು ಅದರಲ್ಲಿ ಮಳೆಯ ಪಟ್ಟಿ ಮಾಡಿಕೊಟ್ಟ. ದಿನದ ಮಳೆ ಬರೆದರೆ ಸಾಕು, ಮೂರು ದಿನದ್ದನ್ನು ಅದೇ ಕೂಡಿಸುತ್ತದೆ. ಮೊತ್ತ ಒಳಗೇ ಉಳಿಯುತ್ತದೆ, ಮೇಲೆ ಕಾಣುವುದು ಒಂದು ದೊಡ್ಡ ಚೌಕ. ಮೊತ್ತ ಹದಿನೈದರ ಒಳಗಿದ್ದರೆ ಹಸಿರು, ದಾಟಿದರೆ ಕೆಂಪು. ಪರೀಕ್ಷೆಗೆಂದು ಸಿದ್ಧಾರ್ಥನೇ ಎಂಟು, ಆರು, ಐದು ಎಂದು ಒತ್ತಿದ. ಚೌಕ ಕೆಂಪಾಯಿತು. ಬಾಗಿಲಲ್ಲಿ ನಿಂತಿದ್ದ ಲೈನಿನ ಹೆಂಗಸರು ಹೋ ಎಂದರು. ಪರಮೇಶಪ್ಪನ ಮುಖ ಅರಳಿತು.

ಆದ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕಥೆಗೆ ರುಚಿ ಕಟ್ಟುವ ಆಸೆ ನನಗಿಲ್ಲ. ಸಿದ್ಧಾರ್ಥ ಒತ್ತಿದ್ದು ಬರಿಯ ಇಂಚುಗಳನ್ನು. ಅವನು ಮೈಸೂರಿಗೆ ಹೋದ ಮೇಲೆ ಪರಮೇಶಪ್ಪ ಒತ್ತಿದ್ದು ಇಂಚು, ಗೆರೆ, ಸೆಂಟು. ಇಂಚಿಗೂ ಸೆಂಟಿಗೂ ನಡುವೆ ಚುಕ್ಕಿ ಇದ್ದರೆ ಸಿದ್ಧಾರ್ಥ ಮಾಡಿದ ಆ ಪಟ್ಟಿಗೆ ಅದು ಅಂಕಿ. ಗೆರೆ ಇದ್ದರೆ ಅದು ಯಾರದೋ ಹೆಸರಿನ ಹಾಗೆ ಬರಿಯ ಬರಹ. ಬರಹವನ್ನು ಅದು ಕೂಡಿಸುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ಹಾಗೆಂದು ಹೇಳುವುದೂ ಇಲ್ಲ. ಸಿದ್ಧಾರ್ಥನ ಅಂಕಿಗಳು ಪಟ್ಟಿಯ ಮನೆಗಳಲ್ಲಿ ಬಲಕ್ಕೆ ಒತ್ತಿ ಕೂತಿದ್ದವು, ತನ್ನವು ಎಡಕ್ಕೆ ಕೂರುತ್ತಿವೆ ಎಂಬುದನ್ನು ಪರಮೇಶಪ್ಪ ಗಮನಿಸಿದ್ದ. ಅದರ ಚಾಳಿ ಹಾಗೆ ಇರಬೇಕು ಅಂದುಕೊಂಡ. ಜೂನ್, ಜುಲೈ ಪೂರ್ತಿ ಚೌಕ ಹಸಿರಾಗಿತ್ತು. ಮಳೆಯೂ ಹೆಚ್ಚಿರಲಿಲ್ಲವಾದ್ದರಿಂದ ಹಸಿರೇ ಸರಿಯಾಗಿತ್ತು. ಒಂದು ದಿನ ಅವನು ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ ಕೂಡಿಸುವುದನ್ನು ನಿಲ್ಲಿಸಿದ. ಮಾಡಿದ್ದನ್ನೇ ಎರಡು ಸಲ ಏಕೆ ಮಾಡಬೇಕು?

ಆಗಸ್ಟಿನ ಎರಡನೇ ವಾರ ಗಾಳಿ ಬದಲಾಯಿತು. ಮೊದಲ ದಿನ 6-80. ಕರೆಂಟು ಹೋಯಿತು. ಎರಡನೇ ದಿನ 7-35. ರಸ್ತೆಗೆ ಮರ ಬಿದ್ದು ಜೀಪು ನಿಂತಿತು, ಫೋನೂ ಸತ್ತಿತು. ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಯ ಮೇಲೆ ಸರಾಗವಾಗಿ ಹೊತ್ತಿಕೊಂಡಿತು. ಇಡೀ ಎಸ್ಟೇಟಿನಲ್ಲಿ ಕೆಡದೆ ಉಳಿದ ವಸ್ತು ಅದೊಂದೇ ಎಂದು ಪರಮೇಶಪ್ಪನಿಗೆ ಒಳಗೊಳಗೇ ಸಂತೋಷ. ಚೌಕ ಹಸಿರು. ಲೈನಿನ ಹಿಂದಿನ ಸಣ್ಣ ಹಳ್ಳ, ಅವರೆಲ್ಲ ತೋಡು ಎನ್ನುವುದು, ಕೆಂಪಾಗಿ ಹರಿಯುತ್ತಿತ್ತು. ಸಣ್ಣಸ್ವಾಮಿ ಎಂಬ ಕೆಲಸಗಾರ, ತನ್ನ ಮನೆಯ ಬಾಗಿಲು ಚೌಕಟ್ಟಿಗೆ ಕೂರುತ್ತಿಲ್ಲ, ನಿನ್ನೆ ಕೂರುತ್ತಿತ್ತು ಎಂದು ಬಂದು ಹೇಳಿದ. ಮರ ನೀರು ಕುಡಿದು ಉಬ್ಬಿರುತ್ತದೆ ಎಂದ ಪರಮೇಶಪ್ಪ. ಹೇಳಿದ ಮೇಲೆ ಒಂದು ಗಳಿಗೆ ಕಿಟಕಿಯಿಂದ ಗುಡ್ಡವನ್ನು ನೋಡಿದ. ಮಂಜಿನಲ್ಲಿ ಗುಡ್ಡವೇ ಕಾಣಲಿಲ್ಲ.

ಮೂರನೇ ಬೆಳಿಗ್ಗೆ ಗಾಜಿಗೆ ಸುರಿದು ಸುರಿದು ಎಣಿಸಿದ. 5-90. ಒದ್ದೆ ಕೈ ಒರೆಸಿಕೊಂಡು ಒತ್ತಿದ. ಹಸಿರು.

ಒಂಬತ್ತು ಗಂಟೆಗೆ ಕೆಂಚಿ ಬಂದಳು. ಲೈನಿನ ಕೊನೆಯ ಮನೆಯವಳು. ಪರಮೇಶಪ್ಪ ಕೆಲಸಕ್ಕೆ ಸೇರಿದ ವರ್ಷದಿಂದ ಅವನ ಹಾಜರಿ ಪುಸ್ತಕದಲ್ಲಿ ಹೆಸರಿದ್ದವಳು. ಅವಳ ಗಂಡ ಮುತ್ತ ಕಾಫಿಗೆ ನೆರಳಾಗಿ ಬೆಳೆಸಿದ ಸಿಲ್ವರ್ ಮರದಿಂದ ಬಿದ್ದು ಕಾಲು ಮುರಿದುಕೊಂಡು ತಿಂಗಳಿಂದ ಮಲಗಿದ್ದ. ತಲೆ ಮೇಲೆ ಗೊಬ್ಬರದ ಚೀಲ ಮಡಿಸಿ ಹಾಕಿಕೊಂಡು ಮೆಟ್ಟಿಲ ಕೆಳಗೇ ನಿಂತಳು.

'ರೈಟ್ರೇ, ತೋಡಲ್ಲಿ ನೀರು ಕಮ್ಮಿ ಆಗ್ಯದೆ.'

'ಕಮ್ಮಿ ಆದ್ರೆ ಒಳ್ಳೇದೇ ಅಲ್ವಾ?'

'ಮಳೆ ಕಮ್ಮಿ ಆಗ್ಲಿಲ್ವಲ್ಲ. ನೀರು ಎಲ್ಲಿಗೆ ಹೋಯ್ತದೆ? ಗುಡ್ಡದೊಳಗೆ ಇಳೀತಾ ಅದೆಯೇನೋ.' ಅವಳು ಮುಖದ ನೀರು ಒರೆಸಿಕೊಂಡಳು. 'ಸಣ್ಣಸ್ವಾಮಿ ಹೇಳ್ತಾನೆ, ಮುತ್ತನ್ನ ಈಗ್ಲೇ ಹೊತ್ಕೊಂಡ್ ಹೋಗೋಣ ಅಂತ. ಮುಟ್ಟಿದ್ರೆ ಕೂಗ್ಕೊಳ್ತಾನೆ ಅವ್ನು, ನೋವು ತಡಿಯಕ್ ಆಗಕಿಲ್ಲ. ಅದ್ಕೇ ನಿಮ್ನ ಕೇಳೋಣ ಅಂತ ಬಂದೆ. ಹಸಿರಾ, ಕೆಂಪಾ?'

ಪರಮೇಶಪ್ಪ ಒಳಗೆ ಹೋಗಿ ಇನ್ನೊಮ್ಮೆ ನೋಡಿಕೊಂಡೇ ಬಂದ. ಅಷ್ಟು ಜವಾಬ್ದಾರಿಯ ಮನುಷ್ಯ ಅವನು. 'ಹಸಿರೇ ಕೆಂಚಿ. ಅವನನ್ನ ಸುಮ್ನೆ ಅಲ್ಲಾಡಿಸಬೇಡ, ಮಲಗಲಿ.'

'ಹಂಗಾರೆ ಆಯ್ತು' ಎಂದು ಕೆಂಚಿ ಇಳಿದು ಹೋದಳು. ಅವಳ ನಡಿಗೆಯಲ್ಲಿ ಬಂದಾಗ ಇದ್ದ ಅವಸರ ಇರಲಿಲ್ಲ.

ಆಫೀಸಿನ ಹಿಂದೆಯೇ ಇದ್ದ ಮನೆಯಿಂದ ಕಾಫಿ ತಂದ ಶಕುಂತಲಮ್ಮ ಇದನ್ನೆಲ್ಲ ಕೇಳಿಸಿಕೊಂಡು ನಿಂತಿದ್ದಳು. 'ಎಷ್ಟಾಯ್ತು ಮೂರು ದಿನದ್ದು?' ಎಂದಳು.

'ಹಸಿರೈತೆ.'

'ಬಣ್ಣ ಕೇಳ್ಲಿಲ್ಲ ನಾನು. ಎಷ್ಟು ಇಂಚು?'

'ಅದು ಕೂಡಿಸ್ತದೆ ಕಣೆ.'

'ನೀವು ಕೂಡ್ಸಿದ್ರಾ?'

ಅವನಿಗೆ ಸಿಟ್ಟು ಬಂತು. ಇವಳ ಬಾಯಿ ಮುಚ್ಚಿಸಲೆಂದೇ ರಿಜಿಸ್ಟರ್ ಎಳೆದುಕೊಂಡು ಪೆನ್ಸಿಲ್ ತೆಗೆದ. ಆರು ಎಂಬತ್ತು, ಏಳು ಮೂವತ್ತೈದು, ಐದು ತೊಂಬತ್ತು. ಇಪ್ಪತ್ತು ಇಂಚು ಐದು ಸೆಂಟು ಬಂತು. ನೋಡಿದ. ಚೌಕ ಹಸಿರಾಗಿಯೇ ಇತ್ತು.

ಇಲ್ಲಿ ನನಗೆ ಪರಮೇಶಪ್ಪನ ಮೇಲೆ ತಡೆಯಲಾರದ ಸಿಟ್ಟು ಬರುತ್ತದೆ, ಮರುಕವೂ ಬರುತ್ತದೆ. ಮೂವತ್ತೊಂದು ವರ್ಷ ಒಂದು ಸೆಂಟೂ ತಪ್ಪದೆ ಕೂಡಿಸಿದವನು ಆ ಹೊತ್ತಿಗೆ ಅನುಮಾನಪಟ್ಟದ್ದು ತನ್ನ ಮೇಲೆ. ಹಾಳೆ ತಿರುವಿ ಮತ್ತೆ ಕೂಡಿಸಿದ. ಕನ್ನಡಕ ಒರೆಸಿಕೊಂಡು, ಕೆಳಗಿನಿಂದ ಮೇಲಕ್ಕೆ ಮೂರನೇ ಸಲ ಕೂಡಿಸಿದ. ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚಿದ. ಅಷ್ಟು ಜನರನ್ನು ಕೇಳಿ ತಂದದ್ದು, ಒಂದು ದಿನ ಕೆಡದದ್ದು, ಅದು ತಪ್ಪುವುದೆಂದರೇನು? ಇದರಲ್ಲಿ ಹತ್ತು ಹನ್ನೆರಡು ನಿಮಿಷ ಹೋಯಿತು. ಶಕುಂತಲಮ್ಮ ಅವನ ಮುಖ ನೋಡಿದಳು. ಹೊರಗೆ ಹೋಗಿ, ಸುತ್ತಿಗೆ ಎತ್ತಿಕೊಂಡು ತಾನೇ ಕಂಬಿ ಬಡಿಯತೊಡಗಿದಳು.

ಜನ ಹತ್ತಿ ಬಂದರು. ಮಕ್ಕಳನ್ನು ಕಂಕುಳಲ್ಲಿ, ಕೋಳಿಗಳನ್ನು ಬುಟ್ಟಿಯಲ್ಲಿ ಹಿಡಿದುಕೊಂಡು, ಕೆಸರಿನಲ್ಲಿ ಜಾರುತ್ತ ಏಳುತ್ತ ಬಂದರು. ಪರಮೇಶಪ್ಪ ಗೋಡೌನಿನ ಬಾಗಿಲಲ್ಲಿ ನಿಂತು ಹಾಜರಿ ಕರೆಯುವವನಂತೆ ಹೆಸರು ಹಿಡಿದು ಎಣಿಸಿದ. ಮೂವತ್ತೊಂದು.

'ಕೆಂಚಿ ಎಲ್ಲಿ? ಮುತ್ತ ಎಲ್ಲಿ?'

ಕೊನೆಯಲ್ಲಿ ಬಂದ ಸಣ್ಣಸ್ವಾಮಿ ಏದುಸಿರು ಬಿಡುತ್ತಿದ್ದ. 'ಬರಲ್ಲ ಅಂದ್ಲು ರೈಟ್ರೇ. ನಾನು ಮುತ್ತನ್ನ ಎತ್ತಕ್ ಹೋದೆ, ಕೈ ಹಿಡ್ಕೊಂಡು ತಡೆದ್ಲು. “ಈಗ್ ತಾನೆ ನಾನೇ ಹೋಗಿ ಕೇಳ್ಕೊಂಡ್ ಬಂದೀನಿ, ರೈಟ್ರು ಒಳಗೆ ಹೋಗಿ ನೋಡಿ ಹಸಿರು ಅಂದವ್ರೆ, ಕಂಬಿ ಬಡೀತಿರೋದು ಅಮ್ಮ, ರೈಟ್ರಲ್ಲ” ಅಂದ್ಲು.'

ಕೆಂಚಿಯ ಬಾಗಿಲಿನಿಂದ ನೋಡಿದರೆ ಆಫೀಸಿನ ಮುಂಭಾಗ ಕಾಣುತ್ತದೆ. ಕಂಬಿಯ ಮುಂದೆ ನಿಂತ ಶಕುಂತಲಮ್ಮನ ಸೀರೆಯನ್ನು ಅವಳು ನೋಡಿದ್ದಳು.

ಪರಮೇಶಪ್ಪ ಓಡಿದ. ಐವತ್ತೆಂಟು ವರ್ಷದ ಕಾಲುಗಳು ಓಡಬಲ್ಲಷ್ಟು ಓಡಿದ. ಆಫೀಸು ದಾಟಿ, ಮೆಟ್ಟಿಲಿಳಿದು, ಲೈನಿನ ತಿರುವಿಗೆ ಬಂದಾಗ ಕೊನೆಯ ಮನೆಯ ಬಾಗಿಲಲ್ಲಿ ಕೆಂಚಿ ಕಂಡಳು. ಒಲೆಯ ಬೂದಿ ಚೆಲ್ಲಲು ಬಂದಿದ್ದಳು. ಇವನು ಬರುವುದನ್ನು ನೋಡಿ ನಿಂತಳು. 'ಬಾರೇ, ಮೇಲೆ ಬಾರೇ' ಎಂದು ಅವನು ಎರಡೂ ಕೈ ಬೀಸಿ ಕೂಗಿದ. ರೈಟರ್ ಬಾಯಿಂದಲೇ ಕೇಳಿದ ಮೇಲೆ ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ತಟ್ಟನೆ ತಿರುಗಿದಳು. ಆದರೆ ಮೇಲಕ್ಕಲ್ಲ, ಒಳಕ್ಕೆ. ಒಳಗೆ ಮುತ್ತನಿದ್ದ.

ಮೊದಲು ಮರಗಳು ನಿಂತಂತೆಯೇ ಕೆಳಗೆ ಬರುವುದು ಕಾಣಿಸಿತು, ಆಮೇಲೆ ಸದ್ದು ಕೇಳಿಸಿತು. ಸಣ್ಣಸ್ವಾಮಿ ಹಿಂದಿನಿಂದ ಪರಮೇಶಪ್ಪನ ಅಂಗಿ ಹಿಡಿದು ಎಳೆದ.

ಗುಡ್ಡ ಕುಸಿದ ಮೂರನೇ ದಿನ ಮಣ್ಣಿನಡಿ ಇಬ್ಬರೂ ಸಿಕ್ಕರು. ಕೆಂಚಿಯ ಕೈ ಗಂಡನ ಹೆಗಲ ಕೆಳಗಿತ್ತು, ಎತ್ತಲು ಹಾಕಿದ ಕೈ. ಅಂದೇ ರಸ್ತೆ ತೆರವಾಗಿ ಸಿದ್ಧಾರ್ಥ ಬಂದ. ಲ್ಯಾಪ್‌ಟಾಪ್ ತೆರೆದು, ಎಡಕ್ಕೆ ಕೂತ ಅಂಕಿಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಗೆರೆಯ ವಿಷಯ ಹೇಳಿದ. 'ನಾನು ಕೇಳ್ಬೇಕಿತ್ತು, ನೀವು ಹೇಗೆ ಬರೀತೀರ ಅಂತ. ತಪ್ಪು ನಂದು ಪರಮೇಶಪ್ಪ' ಎಂದ.

ಪರಮೇಶಪ್ಪ ಗೋಡೆಗೆ ಒರಗಿ ಕೂತಿದ್ದ. ಮೂರು ದಿನದಿಂದ ಊಟ ಬಿಟ್ಟಿದ್ದ.

'ಕೆಂಚಿ ಲ್ಯಾಪ್‌ಟಾಪ್ ನೋಡ್ಲಿಲ್ಲ ಸಾರ್' ಎಂದ. 'ನನ್ನ ಕೇಳಿದ್ಲು.'