ಅಕ್ಕನ ತಲೆ, ನನ್ನ ಪ್ರಬಂಧ

ಯಾದಗಿರಿಯ ಔಷಧಿ ಅಂಗಡಿಯವನು ಚರ್ಮದ ಡಾಕ್ಟರರ ಚೀಟಿ ನೋಡಿ ಒಂದು ಬಾಟಲಿ ತೆಗೆದಿಟ್ಟ. ತಲೆಗೆ ದಿನಕ್ಕೆರಡು ಸಲ ಹಚ್ಚುವ ಹನಿ. ನಾನು ಕೇಳದಿದ್ದರೂ ಪಕ್ಕಕ್ಕೆ ಇನ್ನೊಂದನ್ನು ಇಟ್ಟ. ಹಸಿರು ಎಣ್ಣೆ, ಮೇಲೆ ಬಿಳಿ ಹೂವಿನ ಗರಗದ, ಅಂದರೆ ಭೃಂಗರಾಜದ, ಸೊಪ್ಪಿನ ಚಿತ್ರ.

"ಎರಡೂ ಒಯ್ರಿ ಮೇಡಂ. ಒಂದಿಲ್ಲ ಒಂದು ಕೆಲಸ ಮಾಡ್ತದ."

ಐವತ್ತು ದಾಟಿದವಳ ಬೈತಲೆ ಅಗಲವಾದರೆ ಯಾರಿಗೇನು ನಷ್ಟ, ನೀವೇ ಹೇಳಿ. ಆದರೂ ನಾನು ಒಂದು ವಾರವೂ ಕಾಯದೆ ಡಾಕ್ಟರರ ಹತ್ತಿರ ಓಡಿದ್ದೆ. ನನ್ನ ತಲೆಗೆ ಮನೆಮದ್ದು ಮಾಡಿಕೊಳ್ಳಬೇಕೆಂದು ಅನ್ನಿಸಲೇ ಇಲ್ಲ. ಆ ಹಸಿರು ಬಾಟಲಿ ಕಂಡ ಮೇಲೆಯೇ ಇದು ಹೊಳೆದದ್ದು.

ಶಹಾಪುರದ ಹತ್ತಿರದ ನಮ್ಮೂರಿಗೆ ಕಾಲುವೆ ನೀರು ಬಂದು ಆಗ ಎರಡೋ ಮೂರೋ ವರ್ಷ. ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದವು. ಮೊದಲು ಬಾವಿಯ ಕಟ್ಟೆಯ ಸುತ್ತ ಹುಡುಕಿದರೆ ನಾಲ್ಕು ಗಿಡ ಸಿಗುತ್ತಿದ್ದ ಗರಗ ಕಾಲುವೆಯ ದಂಡೆಗುಂಟ ಕಾಲಿಗೆ ಸಿಗುವಷ್ಟು ಬೆಳೆದಿತ್ತು. ಆ ಬೇಸಿಗೆ, ಅಕ್ಕನ ತಲೆ ಬಾಚುತ್ತಿದ್ದ ಅವ್ವನ ಕೈ ತಟ್ಟನೆ ನಿಂತಿತು. ನೆತ್ತಿಯ ಹಿಂದೆ ನಾಲ್ಕಾಣೆಯಷ್ಟು ಅಗಲದ ಬೋಳು. ನುಣುಪಾಗಿತ್ತು, ಯಾರೋ ಒರೆಸಿ ಇಟ್ಟ ಹಾಗೆ.

ಸುರಪುರದ ಒಂದು ಮನೆಯವರು ಅಕ್ಕನನ್ನು ನೋಡಲು ಬರುವವರಿದ್ದರು. ಎರಡು ತಿಂಗಳು ಬಾಕಿ. ಹೆಣ್ಣು ನೋಡಲು ಬಂದವರ ಪೈಕಿ ಹಿರಿಯಳೊಬ್ಬಳು ಹುಡುಗಿಯ ಜಡೆ ಬಿಚ್ಚಿ, ಬಾಚಿ, ತಾನೇ ಮತ್ತೆ ಹೆಣೆಯುವುದು ನಮ್ಮ ಕಡೆಯ ರೂಢಿ. ಪ್ರೀತಿಯಿಂದ ಮಾಡಿದಂತೆ ಕಾಣುತ್ತದೆ, ಅಸಲಿಗೆ ತಪಾಸಣೆ. ಅವ್ವ ಮರುದಿನವೇ ಅಕ್ಕನನ್ನು ಯಾದಗಿರಿಗೆ ಕರೆದೊಯ್ದಳು. ಡಾಕ್ಟರರು ಮುಲಾಮು ಬರೆದುಕೊಟ್ಟು, ತಿಂಗಳಿಗೊಮ್ಮೆ ಸೂಜಿಗೆ ಬರಹೇಳಿದರು.

ಇಲ್ಲಿ ನನ್ನ ಪ್ರವೇಶ. ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ನಮ್ಮ ಸೀಮೆಯ ಮನೆಮದ್ದುಗಳ ಮೇಲೆ ಪ್ರಬಂಧ ಬರೆಯಬೇಕಿತ್ತು. ಚೀಲದಲ್ಲಿ ನೋಟುಪುಸ್ತಕ, ತಲೆಯಲ್ಲಿ ದೇಸಿ ಜ್ಞಾನದ ಬಗ್ಗೆ ಕೇಳಿದ ಭಾಷಣಗಳು. ಮನೆಯಲ್ಲಿಯೇ ಒಂದು ರೋಗ ಸಿಕ್ಕಾಗ ನನಗೆ ಆದದ್ದು ದುಃಖವೇ? ದುಃಖವೆಂದೇ ನೆನಪು. ಆದರೆ ಅಂದಿನ ದಿನಚರಿಯಲ್ಲಿ ಮೊದಲ ಸಾಲು ಹೀಗಿದೆ: "ಒಂದು ಪ್ರಕರಣ ದೊರೆಯಿತು."

ಪಕ್ಕದ ಮನೆಯ ಶರಣಮ್ಮ ಆಯಿ ಊರಿಗೆಲ್ಲ ಮದ್ದು ಕೊಡುತ್ತಿದ್ದವಳು. ಅಕ್ಕನ ತಲೆ ನೋಡಿ ಅಂದಳು, "ಹುಳ ತಿಂದಾವ. ಗರಗ ಕಿತ್ಕೊಂಡು ಬಾ ತಂಗಿ, ಅದರ ರಸದಾಗ ಗುಲಗಂಜಿ ತೇಯ್ದು ಹಚ್ತೀನಿ. ಖರೆ ಡಾಕ್ಟರನ ಮುಲಾಮ ಬಂದ್ ಮಾಡ್ಬೇಕು. ಎರಡು ಮದ್ದು ಒಂದ ತಲಿಮ್ಯಾಗ ಜಗಳ ಆಡ್ತಾವ."

ಅವ್ವ ಒಪ್ಪಲಿಲ್ಲ. "ನಾ ಸಾಲಿ ಕಲಿತಾಕಿ ಅಲ್ಲವ್ವಾ. ಆ ಡಾಕ್ಟರ್ ಕಲ್ತಾನಲ್ಲ, ಅಂವ ಹೇಳ್ದಂಗ ಮಾಡೂಣು."

"ಕಲ್ತವ್ರಿಗಿ ಎಲ್ಲಾ ಗೊತ್ತಿರ್ತದೇನವ್ವಾ?" ಎಂದೆ, ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಲಿತಿದ್ದ ನಾನು.

ಅಕ್ಕ ಇಬ್ಬರನ್ನೂ ಬಿಟ್ಟು ನನ್ನನ್ನು ನೋಡಿದಳು. "ನೀ ಹೇಳು. ನೀ ಹ್ಯಾಂಗ ಅಂತಿ ಹಂಗ."

ಆಯಿಯ ಮದ್ದೇ ಇರಲಿ ಎಂದೆ. ಮುಲಾಮು ಗೋಡೆಯ ಗೂಡು ಸೇರಿತು. ನಾನು ಗರಗ ತಂದೆ. ಆಯಿ ಬೋಳನ್ನು ಒರಟು ಎಲೆಯಿಂದ ಕೆಂಪಾಗುವ ತನಕ ತಿಕ್ಕಿ ಗುಲಗಂಜಿ ಹಚ್ಚುವಳು. ಅಕ್ಕ ಸೆರಗು ಕಚ್ಚಿ ಕೂಡುವಳು. "ಉರೀಬೇಕು ಮಗಳ, ಉರದ್ರ ಬರ್ತದ" ಎಂದು ಆಯಿ ಅನ್ನುವುದನ್ನು ನಾನು ಒಂದಕ್ಷರ ಬಿಡದೆ ಬರೆದುಕೊಳ್ಳುವೆ. ಬೋಳಿನ ಮೇಲೆ ಬಿಳಿಯ ನವಿರು ಚಿಗುರಿದ್ದನ್ನು ಕಂಡಂತೆ ನನಗೆ ಇಂದಿಗೂ ನೆನಪಿದೆ. ಬೇಕಾದದ್ದನ್ನು ಕಾಣುವ ಕಣ್ಣು ನನ್ನದು. ದಿನಚರಿ ಹೇಳುವುದು ಬೇರೆ: "ಮೂರನೆಯ ವಾರ. ಬೊಬ್ಬೆ ಒಡೆದು ಕೀವಾಗಿದೆ. ಇನ್ನೆರಡು ಕಡೆ ಬೋಳು."

ಸುರಪುರದವರು ಬಂದ ದಿನ ಆ ಮನೆಯ ಮುದುಕಿ ಅಕ್ಕನ ಜಡೆ ಬಿಚ್ಚಿದಳು. ಗಾಯಗಳ ಮೇಲೆ ಅವಳ ಬೆರಳು ನಿಂತವು. ಅವಳು ಬೈಯಲಿಲ್ಲ. ಮೆಲ್ಲಗೆ ಜಡೆ ಹೆಣೆದು, ಸೆರಗನ್ನು ತಾನೇ ತಲೆಯ ಮೇಲೆ ಎಳೆದು, "ಚಹಾ ಬ್ಯಾಡ್ರಿ, ಬಸ್ಸಿನ ಟೈಮ್ ಆಗ್ಯಾದ" ಎಂದಳು. ಅಕ್ಕನನ್ನು ನೋಡಲು ಆಮೇಲೆ ಯಾರೂ ಬರಲಿಲ್ಲ.

ಪುಸ್ತಕದಂತೆ ಕಟ್ಟಿಸಿದ ನನ್ನ ಪ್ರಬಂಧದಲ್ಲಿ ಮಾತ್ರ ಹೀಗಿದೆ: "ಆರು ವಾರಗಳಲ್ಲಿ ಕೂದಲು ಸಂಪೂರ್ಣವಾಗಿ ಮರಳಿ ಬಂದಿತು." ದಿನಚರಿ, ಪ್ರಬಂಧ ಎರಡೂ ನನ್ನದೇ ಅಕ್ಷರ. ನೆನಪನ್ನು ನಂಬಬಾರದೆಂದು ಊರಿಗೆಲ್ಲ ಹೇಳುತ್ತ ತಿರುಗುವ ನಾನು ಈ ಒಂದು ವಾಕ್ಯವನ್ನು ನೆನಪಿನ ತಲೆಗೆ ಕಟ್ಟುವಂತಿಲ್ಲ. ಅದನ್ನು ಬರೆಯುವಾಗ ನನಗೆ ಎಲ್ಲವೂ ಗೊತ್ತಿತ್ತು.

ಅಂಗಡಿಯಿಂದ ಮತ್ತೆ ಡಾಕ್ಟರರ ಬಳಿ ಹೋಗಿ ಅಕ್ಕನ ವಿಷಯ ಹೇಳಿ ಕೇಳಿದೆ. "ಅಂಥಾ ಬೋಳು ಕೆಲವರಿಗಿ ತಾನಾ ತುಂಬತದ್ರಿ, ಕೆಲವರಿಗಿ ಏನ್ ಮಾಡಿದ್ರೂ ಇಲ್ಲ. ಸೂಜಿ ಹಾಕಿ ನೋಡ್ಬೇಕಿತ್ತು" ಎಂದರು. ನನ್ನನ್ನು ಬಿಡಲೂ ಇಲ್ಲ, ಹಿಡಿಯಲೂ ಇಲ್ಲ.

ಅಕ್ಕ ಶಹಾಪುರದಲ್ಲಿದ್ದಾಳೆ. ಬಟ್ಟೆ ಹೊಲಿಯುತ್ತಾಳೆ, ತಲೆಯ ಮೇಲಿನ ಸೆರಗು ಇಂದಿಗೂ ಜಾರುವುದಿಲ್ಲ. ಬಾಟಲಿ ಹಿಡಿದು ನೇರ ಅವಳ ಮನೆಗೆ ಹೋದೆ. ಹಸಿರಿನದನ್ನು ಅಂಗಡಿಯಲ್ಲೇ ಬಿಟ್ಟಿದ್ದೆ. ನನ್ನ ನೆತ್ತಿ ನನಗೆ ಕಾಣದೆಂದು ಅವಳೇ ಹೊಲಿಗೆ ಬದಿಗಿಟ್ಟು, ಬೈತಲೆ ತೆಗೆದು, ಹನಿ ಹಚ್ಚತೊಡಗಿದಳು. ತಲೆ ತಗ್ಗಿಸಿ ಕೂತಿದ್ದರಿಂದಲೋ ಏನೋ ಧೈರ್ಯ ಬಂತು.

"ಅಕ್ಕಾ, ಆಗ ನಾ ಮುಲಾಮ ಹಚ್ಕೋ ಅಂದಿದ್ರ ನಿನ್ನ ಕೂದಲಾ..."

"ಬಂದಾವಲ್ಲ" ಎಂದಳು ಅಕ್ಕ. ಅವಳ ಬೆರಳು ನಿಲ್ಲಲಿಲ್ಲ. "ನಿನ್ನ ಪುಸ್ತಕದಾಗ ಬಂದಾವ. ನೀ ಮನಿಗಿ ತಂದಿಟ್ಟ ದಿನಾನೇ ಓದೀನಿ."

ನಾನು ಹೊರಳಲು ಹೋದೆ. ಅವಳು ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ತಿರುಗಿಸಿದಳು.

"ಅಲಗಾಡಬ್ಯಾಡ. ಕಣ್ಣಾಗ ಬೀಳ್ತದ."